ದೊರೆಯ ಮನೆಯ ಮಧ್ಯಾಹ್ನಗಳು

ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ತಲೆ ನರೆಸಿಕೊಂಡ ಹೆಂಗಸು ಆಕೆ. ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಮೊಣಕಾಲು ಕೆಟ್ಟಿತು. "ಕಾಲೇ ಕೈಕೊಟ್ಟ ಮೇಲೆ ಯಾರನ್ನ ನಂಬೋದು" ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ಓಡುವ ಬಸ್ಸಿನಲ್ಲಿ ನಿಲ್ಲಲಾರದವಳನ್ನು ಡಿಪೋದವರು ಸ್ವಲ್ಪ ಕಾಲ ಕುರ್ಚಿಯ ಮೇಲೆ ಕೂರಿಸಿದರು, ಆಮೇಲೆ ಮನೆಗೆ ಕಳಿಸಿದರು. ಮನೆಯೆಂದರೆ ಒಂದು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ, ಗೋಡೆಯ ಮೇಲೆ ತೀರಿಹೋದ ಗಂಡನ ಫೋಟೋ. ಮಕ್ಕಳಿರಲಿಲ್ಲ. ಕೆಲಸ ಹೋದರೂ ಹೆಸರು ಹೋಗಲಿಲ್ಲ. ಬೀದಿಯವರಿಗೆಲ್ಲ ಆಕೆ ಕಂಡಕ್ಟರಮ್ಮನೇ. ದನಿಯೂ ಹೋಗಲಿಲ್ಲ. ಆಕೆ ಗುಟ್ಟು ಹೇಳಿದರೆ ಮೂರನೇ ಮನೆಯವರು ಹೂಂಗುಡುತ್ತಿದ್ದರು.

ಆಕೆಯ ಬಸ್ಸಿನಲ್ಲಿ ಹಿಂದೆ ಒಬ್ಬ ನರ್ಸಮ್ಮ ಓಡಾಡುತ್ತಿದ್ದಳು. ಆಸ್ಪತ್ರೆಯ ಕೆಲಸ ಬಿಟ್ಟು, ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಸಂಘ ನಡೆಸುತ್ತಿದ್ದವಳು. ಏಳಲಾಗದ, ಕೂರಲಾಗದ ಮಕ್ಕಳಿರುವ ಬಡವರ ಮನೆಗಳಿಗೆ ಹೋಗುವುದು, ಸೆಟೆದ ಕೈಕಾಲು ಆಡಿಸುವುದನ್ನು ತೋರಿಸುವುದು, ಗಂಟಲಿಗೆ ಸಿಕ್ಕದ ಹಾಗೆ ಉಣಿಸುವುದನ್ನು ಹೇಳಿಕೊಡುವುದು, ಫಿಟ್ಸಿನ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ. ಒಮ್ಮೆ ನರ್ಸಮ್ಮ ಅಂಥದೊಂದು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಪಕ್ಕದವರು ಮೂತಿ ಸಿಂಡರಿಸಿ ಎದ್ದಿದ್ದರು. "ಎದ್ದಿದ್ದು ಒಳ್ಳೇದೇ ಆಯ್ತು, ಕಾಲು ಚಾಚಿ ಕೂತ್ಕೊಳ್ಳಮ್ಮ" ಎಂದು ಕಂಡಕ್ಟರಮ್ಮ ಇಡೀ ಸೀಟು ಬಿಡಿಸಿಕೊಟ್ಟಿದ್ದಳು. ನರ್ಸಮ್ಮ ಅದನ್ನು ಮರೆತಿರಲಿಲ್ಲ. ಕೆಲಸವಿಲ್ಲದೆ ಕಿಟಕಿಯಲ್ಲಿ ಕೂತಿದ್ದ ಆಕೆಯನ್ನು ಹುಡುಕಿಕೊಂಡು ಬಂದಳು.

"ಅಕ್ಕ, ಆ ತಾಯಂದಿರಿಗೆ ಔಷಧಿಗಿಂತ ಹೆಚ್ಚಾಗಿ ಬೇಕಾಗಿರೋದು ಒಂದು ಮಧ್ಯಾಹ್ನ. ವಾರದಲ್ಲಿ ಒಂದೇ ಒಂದು ಮಧ್ಯಾಹ್ನ ಮಗುನ ಯಾರಾದ್ರೂ ನೋಡ್ಕೊಂಡ್ರೆ ಅವರು ಉಸಿರು ಬಿಡ್ತಾರೆ."

"ನಾನು ಮಗು ಎತ್ತಿದವಳಲ್ಲ ಕಣಮ್ಮ."

"ಕಲಿಸ್ತೀನಿ. ನಿಮಗೆ ಜನರನ್ನ ಕಂಡ್ರೆ ಹೇಸಿಗೆ ಇಲ್ಲ. ಅದನ್ನ ಕಲಿಸೋಕಾಗಲ್ಲ."

ಕಂಡಕ್ಟರಮ್ಮ ಸೈಕಲ್ ಅಂಗಡಿಯ ಮೆಟ್ಟಿಲನ್ನು ಬೈಯುತ್ತ ಹತ್ತಿ, ಬೈಯುತ್ತ ಇಳಿದು, ಕಲಿಯಬೇಕಾದ್ದನ್ನು ಕಲಿತಳು. ಆಕೆಗೆ ಸಿಕ್ಕ ಮೊದಲ ಮನೆ ಇಸ್ತ್ರಿಯವಳದು.

ಒಂದೇ ಕೋಣೆಯನ್ನು ಸೀರೆಯ ಪರದೆ ಕಟ್ಟಿ ಎರಡು ಮಾಡಿದ್ದರು. ಮುಂದೆ ಕಂಬಳಿ ಹೊದಿಸಿದ ಮೇಜು, ಕೆಂಡದ ಇಸ್ತ್ರಿ ಪೆಟ್ಟಿಗೆ, ದುಪ್ಪಟಿಗಳಲ್ಲಿ ಕಟ್ಟಿಟ್ಟ ಬೇರೆಯವರ ಬಟ್ಟೆಯ ಗಂಟುಗಳು. ಹಿಂದೆ ಒಲೆ, ಹಾಸಿಗೆ, ಆ ಹಾಸಿಗೆಯ ಮೇಲೆ ದಿಂಬುಗಳ ನಡುವೆ ಅವಳ ಮಗ. ಎಂಟು ತುಂಬಿದ್ದರೂ ನಾಲ್ಕರ ಮಗುವಿನಷ್ಟು ಮೈ. ಮಾತಿಲ್ಲ, ಕತ್ತು ನಿಲ್ಲದು. ಮನೆಗಳಿಗೆ ಬಣ್ಣ ಹೊಡೆಯುವ ಅವನಪ್ಪ ಅವನಿಗೆ ದೊರೆ ಎಂದು ಹೆಸರಿಟ್ಟಿದ್ದ. "ಮಲಗಿದ್ದಲ್ಲೇ ಊಟ, ಮಲಗಿದ್ದಲ್ಲೇ ಸ್ನಾನ, ಕೈಗೊಬ್ಬರು ಕಾಲಿಗೊಬ್ಬರು. ಇವನು ದೊರೆಯಲ್ಲದೆ ನಾನಾ?" ಎನ್ನುತ್ತಿದ್ದ.

ಮೊದಲ ದಿನ ಇಸ್ತ್ರಿಯವಳು ಬಾಗಿಲಿಗೇ ಅಡ್ಡ ನಿಂತಳು. "ನನ್ನ ಮಗನ್ನ ನಾನು ನೋಡ್ಕೋತೀನಿ. ಬೆಳಿಗ್ಗೆ ಕೊಟ್ಟು ಸಂಜೆ ಇಸ್ಕೊಳ್ಳೋಕೆ ಅವನೇನು ಬಟ್ಟೆ ಗಂಟಾ?"

"ಅಲ್ಲ. ಅದಕ್ಕೇ ನಾನೇ ಬಂದಿದೀನಿ. ಒಳಗೆ ಬಿಡು, ಕಾಲು ನೋಯ್ತಿದೆ" ಎಂದು ಕಂಡಕ್ಟರಮ್ಮ ಅವಳನ್ನು ಸರಿಸಿ ಹೋಗಿ ಹಾಸಿಗೆಯ ಪಕ್ಕ ಕುಕ್ಕರಿಸಿದಳು.

ಆ ದಿನ ಇಸ್ತ್ರಿಯವಳು ಹೋದದ್ದು ಎದುರಿನ ಲೈಟು ಕಂಬದವರೆಗೆ ಮಾತ್ರ. ಅಲ್ಲೇ ನಿಂತು ಬಾಗಿಲನ್ನೇ ನೋಡಿದಳು. ಮುಂದಿನ ವಾರ ಬೀದಿಯ ತಿರುವಿನವರೆಗೆ. ಅವಳಿಗೆ ಹೋಗಲು ಜಾಗವೇ ಇಲ್ಲವೆಂಬುದು ಕಂಡಕ್ಟರಮ್ಮನಿಗೆ ಆಗ ಹೊಳೆಯಿತು. ತನ್ನ ಮನೆಯ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅವಳ ಅಂಗೈಗೆ ಒತ್ತಿದಳು. "ನನ್ನ ಮನೆ ಬಿಕೋ ಅಂತಿದೆ. ಹೋಗು, ಬಾಗಿಲು ಹಾಕ್ಕೊಂಡು ಬಿದ್ಕೋ. ಯಾರೂ ಎಬ್ಬಿಸಲ್ಲ." ಅಂದು ಅವಳು ಹಿಂದಿರುಗಿದಾಗ ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು. ನಿದ್ದೆ ಬಂದಿತ್ತೆಂದು ಹೇಳಲು ನಾಚಿಕೊಂಡಳು.

ಹೀಗೆ ಇಬ್ಬರು ಹೆಂಗಸರು ವಾರಕ್ಕೊಂದು ಮಧ್ಯಾಹ್ನ ಮನೆ ಬದಲಾಯಿಸಿಕೊಂಡರು. ಇವಳು ಅಲ್ಲಿ ನಿದ್ದೆ ಮಾಡುತ್ತಿದ್ದರೆ ಆಕೆ ಇಲ್ಲಿ ದೊರೆಗೆ ಗಂಜಿ ಕುಡಿಸಿ, ಮೈ ಒರೆಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದಳು. ಒಂದು ದಿನ ಮಗ್ಗುಲು ತಿರುಗಿಸುವಾಗ ಹಳೆಯ ಅಭ್ಯಾಸದಿಂದ ಬಾಯಿಗೆ ಬಂತು: "ಹೋಲ್ಡಾನ್!" ಹುಡುಗ ಬೆಚ್ಚಿದ; ಮರುಕ್ಷಣ ಅವನ ಗಂಟಲಿನಿಂದ ನೀರು ಗುಳುಗುಳು ಅಂದಂಥ ಸದ್ದು ಹೊರಟಿತು. ನಗುತ್ತಿದ್ದಾನೆಂದು ಆಕೆಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ಅಲ್ಲಿಂದ ವಾರವಾರವೂ ಬಸ್ಸು ಹೊರಟಿತು. "ಯಾರ್ರೀ ಮಾರ್ಕೆಟ್ಟು? ಯಾರ್ರೀ ಹಳೇ ಸೇತುವೆ? ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನೇತಾಡ್ಬೇಡಿ. ದೊರೆಗಳೇ, ನಿಮ್ಮದು ಟಿಕೆಟ್ ಆಯ್ತಾ?" ಹುಡುಗ ನಕ್ಕು ನಕ್ಕು ಸುಸ್ತಾಗುತ್ತಿದ್ದ. ಮೇಜಿನ ಮೇಲಿನ ಗಂಟುಗಳೇ ಪ್ರಯಾಣಿಕರು.

ಮಳೆಗಾಲ ಕಳೆದ ಮೇಲೆ ಇಸ್ತ್ರಿಯವಳ ತಂಗಿಗೆ ಹೆಣ್ಣುಮಗುವಾಯಿತು. ತಂಗಿಯ ಮನೆ ಊರಿನ ಆ ತುದಿಯಲ್ಲಿ. ದೊರೆಯನ್ನು ಕಂಡು ತಂಗಿಯ ಅತ್ತೆ ಒಮ್ಮೆ ಮುಖ ತಿರುಗಿಸಿದ್ದರಿಂದ ಇವಳು ಆ ಹೊಸ್ತಿಲು ತುಳಿದು ವರ್ಷಗಳಾಗಿದ್ದವು. ಹೋಗಲೋ ಬೇಡವೋ ಎಂದು ಒದ್ದಾಡಿದಳು.

"ಅಷ್ಟು ದೂರ ಯಾವತ್ತೂ ಬಿಟ್ಟು ಹೋಗಿಲ್ಲ ಅಕ್ಕ."

"ಇವತ್ತು ಹೋಗು. ಕೂಸಿನ ಮುಖ ನೋಡ್ಕೊಂಡು, ತಂಗಿ ಕೈಯಲ್ಲಿ ಒಂದು ತುತ್ತು ತಿಂದ್ಕೊಂಡು ಬಾ. ನಾನಿದೀನಲ್ಲ."

ಅವಳು ಒಳ್ಳೆಯ ಸೀರೆ ಉಟ್ಟು ಹೋದಳು. ಎಲ್ಲರ ಬಟ್ಟೆಗೂ ಇಸ್ತ್ರಿ ಹಾಕುವವಳು ತನ್ನ ಸೀರೆಗೆ ಇಸ್ತ್ರಿ ಹಾಕಿಕೊಂಡದ್ದನ್ನು ಕಂಡಕ್ಟರಮ್ಮ ನೋಡಿದ್ದು ಅದೇ ಮೊದಲು.

ದೊರೆ ಗಂಜಿ ಕುಡಿದಿದ್ದ. ಬಸ್ಸು ಮಾರ್ಕೆಟ್ಟು ದಾಟಿತ್ತು. ಹುಡುಗ ನಗುತ್ತಲೇ ಇದ್ದ, ನಗು ನಡುವೆ ತುಂಡಾಯಿತು. ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು, ಮೈ ಬಿಲ್ಲಿನಂತೆ ಬಾಗಿತು. ಫಿಟ್ಸ್ ಆಕೆಗೆ ಹೊಸದಲ್ಲ. ಹೇಳಿಕೊಟ್ಟಂತೆ ಪಕ್ಕಕ್ಕೆ ಹೊರಳಿಸಿದಳು, ಬಾಯಿಯ ಜೊಲ್ಲು ಒರೆಸಿದಳು, ಮೂಗಿಗೆ ಬಿಡುವ ಔಷಧಿ ಬಿಟ್ಟಳು. ನಿಲ್ಲಲಿಲ್ಲ. ನರ್ಸಮ್ಮನಿಗೆ ಫೋನು ಮಾಡಿದಳು. ನರ್ಸಮ್ಮ ಆಟೋ ಹಿಡಿದು ಬಂದಳು. ಇಬ್ಬರೂ ಸೇರಿ ಅವನನ್ನು ಎತ್ತಿಕೊಂಡು ಹೊರಟರು. ಆಸ್ಪತ್ರೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ಕಂಡಕ್ಟರಮ್ಮನ ಮಡಿಲಲ್ಲಿ ಸೆಟೆದ ಮೈ ಮೆತ್ತಗಾಯಿತು. ಫಿಟ್ಸ್ ನಿಂತಿತು ಎಂದುಕೊಂಡಳು. ನರ್ಸಮ್ಮ ಅವನ ಕುತ್ತಿಗೆಯ ಮೇಲೆ ಬೆರಳಿಟ್ಟು ನೋಡಿ, ಬೆರಳು ತೆಗೆಯದೆ ಹಾಗೇ ಕೂತಳು.

ಯಾರ ತಪ್ಪೂ ಇಲ್ಲ, ಎಲ್ಲ ಸರಿಯಾಗೇ ಮಾಡಿದ್ದೀರಿ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಆಕೆಗೆ ತಿಳಿಯಲಿಲ್ಲ.

ಅಪ್ಪ ಕೈಗೆ ಮೆತ್ತಿದ ಗೋಡೆಬಣ್ಣದ ಸಮೇತ ಓಡಿ ಬಂದ. ಇಸ್ತ್ರಿಯವಳು ಕೊನೆಗೆ ಬಂದಳು. ಕಿರುಚಲಿಲ್ಲ. ಮಗನ ಕೂದಲು ಸರಿಮಾಡಿದಳು, ಅಂಗಿಯ ಮಡಿಕೆಯನ್ನು ಅಂಗೈಯಿಂದ ತೀಡಿ ತೀಡಿ ನೇರ ಮಾಡಿದಳು. ಆಮೇಲೆ ತಲೆಯೆತ್ತಿ ಕೇಳಿದಳು: "ಅಕ್ಕ, ಕೊನೇಲಿ ಹೇಗಿದ್ದ?"

ಕಂಡಕ್ಟರಮ್ಮನ ಬಾಯಿಂದ ಆ ಮಾತು ಬಂದೇ ಬಿಟ್ಟಿತು. "ನಿನ್ನೇ ಹುಡುಕ್ದ ಕಣಮ್ಮ. ಬಾಗಿಲ ಕಡೇನೇ ನೋಡ್ತಿದ್ದ."

ಇಸ್ತ್ರಿಯವಳು ತಿರುಗಿ ಬಾಗಿಲನ್ನು ನೋಡಿದಳು.

ಮಣ್ಣು ಮಾಡಿ ತಿಂಗಳ ಮೇಲಾಗಿರಬಹುದು, ಬಣ್ಣದವನು, ದೊರೆಯ ಅಪ್ಪ, ಕಂಡಕ್ಟರಮ್ಮನ ಬಾಗಿಲಿಗೆ ಬಂದ. ಕೂರು ಎಂದರೂ ಕೂರಲಿಲ್ಲ. "ಅಕ್ಕ, ಅವಳು ಒಂದೇ ಮಾತು ಹೇಳ್ತಾಳೆ. ನನ್ನ ಹುಡುಕ್ದ, ನಾನು ಸೀರೆ ಉಟ್ಕೊಂಡು ಹೋಗಿದ್ದೆ ಅಂತ. ಅನ್ನ ಗಂಟಲಲ್ಲಿ ಇಳೀತಿಲ್ಲ. ಮೊನ್ನೆ ಇಸ್ತ್ರಿ ಪೆಟ್ಟಿಗೆ ಯಾರದೋ ಅಂಗಿ ಮೇಲೆ ಇಟ್ಟು ಬಾಗಿಲು ನೋಡ್ತಾ ನಿಂತ್ಬಿಟ್ಟಿದ್ಲು, ಸುಟ್ಟ ವಾಸನೆ ಬಂದ್ರೂ ಗೊತ್ತಾಗಿಲ್ಲ. ತಂಗಿ ಮಗುನ ಕರ್ಕೊಂಡು ಬಂದ್ರೆ ಮುಖ ಕೊಡ್ಲಿಲ್ಲ. ನಿಮ್ಮ ಮಾತು ಕೇಳ್ತಾಳೆ, ಒಂದ್ಸಲ ಬಂದು ಸಮಾಧಾನ ಹೇಳಿ."

ಅವನು ಹೋದ ಮೇಲೆ ಕಂಡಕ್ಟರಮ್ಮ ಬಾಗಿಲು ಹಾಕಿಕೊಂಡಳು. ಮುಲಾಮು ಎಂದುಕೊಂಡು ಹಚ್ಚಿದ್ದು ಬೆಂಕಿಯಾಗಿತ್ತು. ತಾಯಿಯನ್ನು ನೆನೆದು ಹೋದ ಎಂದರೆ ತಾಯಿಗೆ ನೆಮ್ಮದಿ ಎಂದು ಲೋಕವೆಲ್ಲ ಹೇಳುತ್ತದೆ, ಆಕೆಯೂ ಹೇಳಿದ್ದಳು. ನಿಜ ಹೇಳಿದರೆ ಏನಾದೀತೋ ಎಂದು ಹೆದರಿಕೆಯಾಯಿತು. ಆದರೂ ಮಾರನೆಯ ದಿನ ಹೋದಳು.

ಹಾಸಿಗೆ ಸುತ್ತಿಟ್ಟಿದ್ದರು. ಪರದೆ ಬಿಚ್ಚಿದ್ದರು. ಕೋಣೆ ಎಷ್ಟು ದೊಡ್ಡದೆಂದು ಆಗಲೇ ಕಂಡದ್ದು.

"ನಾನು ಅವತ್ತು ಹೇಳಿದ್ದು ಸುಳ್ಳು ಕಣಮ್ಮ" ಎಂದಳು, ತನ್ನ ಜೀವಮಾನದಲ್ಲೇ ಅಷ್ಟು ಸಣ್ಣ ದನಿಯಲ್ಲಿ. "ಅವನು ಯಾರನ್ನೂ ಹುಡುಕಲಿಲ್ಲ. ಬಾಗಿಲ ಕಡೆ ನೋಡಲಿಲ್ಲ. ನಾನು ಬಸ್ಸಿನಾಟ ಆಡಿಸ್ತಿದ್ದೆ. ನಗ್ತಿದ್ದ. ನಗ್ತಾ ಇದ್ದಾಗಲೇ ಬಂತು. ಆಮೇಲೆ ಅವನಿಗೆ ಎಚ್ಚರವೇ ಬರಲಿಲ್ಲ."

ಇಸ್ತ್ರಿಯವಳು ಕೈಲಿದ್ದ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ನಗ್ತಿದ್ನಾ?"

"ಹೂಂ."

"ನನ್ನ ನೆನಪೇ ಬರಲಿಲ್ವಾ ಹಾಗಾದ್ರೆ."

"ಬರೋಕೆ ಹೊತ್ತೇ ಇರಲಿಲ್ಲ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ನಿನ್ನ ಕೈಗೆ ಏನಾದ್ರೂ ಕೊಡ್ಬೇಕು ಅನ್ನಿಸ್ತು. ನನ್ನ ಹತ್ರ ಬೇರೆ ಏನೂ ಇರಲಿಲ್ಲ."

ಹೊರಗೆ ಯಾರೋ ಬಟ್ಟೆ ಆಯಿತೇ ಎಂದು ಕೂಗಿದರು. ಇಸ್ತ್ರಿಯವಳು ನಾಳೆ ಬನ್ನಿ ಎಂದಳು. ಆಮೇಲೆ ಆಕೆಯ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: "ನೀವು ಹೆತ್ತಿಲ್ಲ ಅಕ್ಕ. ಹೆತ್ತಿದ್ರೆ ಆ ಸುಳ್ಳು ನಿಮ್ಮ ಬಾಯಿಗೆ ಬರ್ತಿರಲಿಲ್ಲ. ಇನ್ನು ನೀವು ಇಲ್ಲಿಗೆ ಬರ್ಬೇಡಿ."

ಅವಳು ಅನ್ನ ತಿನ್ನತೊಡಗಿದಳೆಂದು ಬಣ್ಣದವನು ನರ್ಸಮ್ಮನ ಮೂಲಕ ಹೇಳಿ ಕಳಿಸಿದ. ಆದರೆ ಬೀದಿಯಲ್ಲಿ ಎದುರಾದರೆ ಇಸ್ತ್ರಿಯವಳು ದಾರಿ ದಾಟಿ ಆ ಬದಿಗೆ ಹೋಗುತ್ತಿದ್ದಳು. ಕಂಡಕ್ಟರಮ್ಮ ಸಂಘದ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದಳು. ಕೇಳಿದವರಿಗೆ ಮೊಣಕಾಲು ಎನ್ನುತ್ತಿದ್ದಳು. ಕೊನೆಗೆ ನರ್ಸಮ್ಮನೇ ಬಂದು, ಬುದ್ಧಿ ಹೇಳದೆ, ಇನ್ನೊಂದು ಮನೆಯ ಗುರುತು ಹೇಳಿದಳು. ಒಂದು ಹುಡುಗಿ, ಅದರ ತಾಯಿಗೆ ಬೆನ್ನು ಹಿಡಿದುಕೊಂಡು ಏಳಲಾಗುತ್ತಿರಲಿಲ್ಲ. ಕಂಡಕ್ಟರಮ್ಮ ಹೋದಳು. ಉಣಿಸಿದಳು, ಒರೆಸಿದಳು, ಮಗ್ಗುಲು ಬದಲಿಸಿದಳು. ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ ಆಡಿದಳು. "ಇವರೇನಾ ಆ ದೊಡ್ಡ ಬಾಯಿ ಕಂಡಕ್ಟರಮ್ಮ?" ಎಂದು ಆ ತಾಯಿ ನರ್ಸಮ್ಮನನ್ನು ಕೇಳಿದಳಂತೆ.

ಬೇಸಿಗೆಯ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿಯವಳು ನಿಂತಿದ್ದಳು. ಒಳಗೆ ಬಂದು ಗೋಡೆಗೊರಗಿ ಕೂತಳು.

"ಅವನು ನಗುವಾಗ ಬಲಗೆನ್ನೆ ಮಾತ್ರ ಗುಂಡಗೆ ಉಬ್ತಿತ್ತು. ಅಲ್ವಾ ಅಕ್ಕ? ಇವರು ಎಡಗೆನ್ನೆ ಅಂತಾರೆ. ಇವರಿಗೇನು ಗೊತ್ತು, ಬೆಳಿಗ್ಗೆ ಹೋಗಿ ರಾತ್ರಿ ಬರೋರು. ಫೋಟೋ ಒಂದೇ ಇರೋದು, ಅಂಗವಿಕಲ ಸರ್ಟಿಫಿಕೇಟಿಗೆ ತೆಗೆಸಿದ್ದು. ಅದ್ರಲ್ಲಿ ಹೆದರ್ಕೊಂಡಿದ್ದಾನೆ."

ಕಂಡಕ್ಟರಮ್ಮ ಕಣ್ಣು ಮುಚ್ಚಿ ಆ ಮುಖವನ್ನು ಕರೆದಳು. ಗುಳುಗುಳು ಸದ್ದು ಬಂತು, ಹಾಲುಹಲ್ಲು ಬಿದ್ದ ಜಾಗ ಕಂಡಿತು, ಕೆನ್ನೆ ಸ್ಪಷ್ಟವಾಗಲಿಲ್ಲ. ಹೌದು, ಬಲಗೆನ್ನೆ ಎಂದುಬಿಟ್ಟಿದ್ದರೆ ಅವಳು ನೆಮ್ಮದಿಯಾಗಿ ಎದ್ದು ಹೋಗುತ್ತಿದ್ದಳು.

"ನಂಗೆ ನೆನಪಾಗ್ತಿಲ್ಲ ಕಣಮ್ಮ."

"ನಂಗೂ ಈಗ ಅನುಮಾನ ಬರ್ತಿದೆ" ಎಂದಳು ಇಸ್ತ್ರಿಯವಳು. ಹಾಗೆಂದವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಮಣ್ಣು ಮಾಡುವಾಗ ಅಳದವಳು. ಕಂಡಕ್ಟರಮ್ಮ ಪಕ್ಕದಲ್ಲಿ ಕೂತಳು, ಕಣ್ಣು ಒರೆಸಲು ಹೋಗಲಿಲ್ಲ.

ಅಲ್ಲಿಂದ ಅವಳು ಆಗೀಗ ಬರುತ್ತಿದ್ದಳು. ಬಂದರೆ ದೊರೆಯದು ಬಿಟ್ಟು ಬೇರೆ ಮಾತಿಲ್ಲ. ಗಂಜಿಗೆ ಉಪ್ಪು ಹೆಚ್ಚಾದರೆ ನಾಲಿಗೆ ಹೇಗೆ ಹೊರಚಾಚುತ್ತಿದ್ದ, ಗುಡುಗಿಗೆ ಹೆದರುತ್ತಿದ್ದನೋ ಖುಷಿಪಡುತ್ತಿದ್ದನೋ ಎಂದು ಇಬ್ಬರೂ ಮಾತಾಡುತ್ತಿದ್ದರು. ಒಬ್ಬಳು ಹೀಗೆಂದರೆ ಇನ್ನೊಬ್ಬಳು ಹಾಗಲ್ಲ ಎನ್ನುವಳು, ಒಮ್ಮೊಮ್ಮೆ ಜಗಳವೂ ಆಗುತ್ತಿತ್ತು. ಕ್ಷಮೆಯ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಬಣ್ಣದವನಿಗೆ ದೂರದ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿ ಅವರು ಮನೆ ಖಾಲಿ ಮಾಡಿದರು. ಹೊರಡುವ ಮುಂಚೆ ಇಸ್ತ್ರಿಯವಳು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡು ನಿಂತಳು, ಬರ್ತೀನಿ ಅಕ್ಕ ಎಂದಳು, ಹೋದಳು.

ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಕಂಡಕ್ಟರಮ್ಮ ಈಗಲೂ ಆ ಹುಡುಗಿಯ ಮನೆಗೆ ಹೋಗುತ್ತಾಳೆ. ಕೆಲವು ದಿನ ದಾರಿಯಲ್ಲಿ ನಡೆಯುವಾಗ ದೊರೆಯ ಬಗ್ಗೆ ಏನೋ ಒಂದು ಸಣ್ಣದು ನೆನಪಾಗುತ್ತದೆ, ಅವನ ಕಿವಿಯ ಹಿಂದಿನ ಮಚ್ಚೆಯೋ, ನಿದ್ದೆಯಲ್ಲಿ ಅವನು ಮುಷ್ಟಿ ಬಿಚ್ಚುತ್ತಿದ್ದ ರೀತಿಯೋ. ಯಾರಿಗಾದರೂ ಹೇಳಬೇಕೆನ್ನಿಸುತ್ತದೆ. ಆ ಬೀದಿಯಲ್ಲಿ ಅವನನ್ನು ಅಷ್ಟು ಹತ್ತಿರದಿಂದ ಬಲ್ಲವರು ಈಗ ಯಾರೂ ಇಲ್ಲ.