ಅರ್ಜೂಗೆ ಒಂದು ಭಾಷೆ

ತುಮಕೂರಿನ ಕುಣಿಗಲ್ ರಸ್ತೆಗೆ ಸೇರುವ ಓಣಿಯೊಂದರಲ್ಲಿ ಜಾವೇದನ ಗ್ರಿಲ್ ವರ್ಕ್‌ಶಾಪ್ ಇದೆ. ಅದರ ಹಿಂದಿನ ಎರಡು ಕೋಣೆಯ ಮನೆಗೆ ನಿಶಾತ್ ಅವನ ಹೆಂಡತಿಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಗುಬ್ಬಿಯಲ್ಲಿ ಪಿಯುಸಿ ಮುಗಿಸಿ ಟೀಚರ್ ಆಗಬೇಕೆಂದಿದ್ದವಳು, ಆಗಲಿಲ್ಲ. ಮಗಳು ಅರ್ಜೂ ಹುಟ್ಟಿದಾಗ, ತನಗೆ ತಪ್ಪಿದ್ದು ಇವಳಿಗೆ ತಪ್ಪಬಾರದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಅರ್ಜೂಗೆ ಎರಡೂವರೆ ತುಂಬಿದ್ದೇ ತಡ, ಶಾಲೆ ಹುಡುಕಲು ಹೊರಟಳು. ಓಣಿಯ ಅಂಗನವಾಡಿ ಮನೆಯಿಂದ ನಾಲ್ಕು ಹೆಜ್ಜೆ. ಅಲ್ಲಿ ಮೊಟ್ಟೆ ಸಿಗುತ್ತದೆ, ಪಾಠ ಎಲ್ಲಿ ಸಿಗುತ್ತದೆ ಎಂದು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕೈದು ಕಡೆ ವಿಚಾರಿಸಿ, ಗೋಡೆಯ ಮೇಲೆಲ್ಲ ಆನೆ, ಮೀನು ಬರೆಸಿದ್ದ ಒಂದು ಪ್ಲೇ ಹೋಮ್‌ಗೆ ಸೇರಿಸಿದಳು.

ಅರ್ಜೂ ಇನ್ನೂ ಮಾತಾಡುತ್ತಿರಲಿಲ್ಲ. ಅದಕ್ಕೆ ಎಲ್ಲರ ಬಳಿಯೂ ಒಂದು ಸಮಾಧಾನವಿತ್ತು. ನಿಶಾತಳ ತಾಯಿ ಸಲೀಮಾ, ನಮ್ಮ ಕಡೆ ಮಕ್ಕಳಿಗೆ ಮಾತು ಬರುವುದೇ ತಡ ಎಂದಳು. ಪ್ಲೇ ಹೋಮಿನ ಮೇಡಂ ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಎಂದಾಗ, ಮಗುವಿಗೆ ಗೊಂದಲವಾಗಿದೆ, ಇನ್ನು ಮುಂದೆ ಇಂಗ್ಲಿಷ್ ಒಂದೇ ಮಾತಾಡಿ ಎಂದರು. ನಿಶಾತ್ ಹಾಗೇ ಮಾಡಿದಳು. ಗೊತ್ತಿದ್ದ ಇಂಗ್ಲಿಷ್ ಎಷ್ಟು? ಕಮ್, ಸಿಟ್, ಈಟ್. ರಾತ್ರಿ ಹಾಡುತ್ತಿದ್ದ ಜೋಗುಳವನ್ನೂ ಬಿಟ್ಟಳು. ಮನೆಯಲ್ಲಿ ಮಾತೇ ಕಡಿಮೆಯಾಯಿತು.

ವರ್ಷ ಕಳೆದರೂ ಅರ್ಜೂ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮಗುವಿಗೆ ಹಟ ಜಾಸ್ತಿ, ಹೇಳಿದ್ದು ಕೇಳುವುದಿಲ್ಲ ಎಂದು ಪ್ಲೇ ಹೋಮಿನವರು ಡೈರಿಯಲ್ಲಿ ಬರೆದು ಕಳಿಸಿದರು. ನಿಶಾತ್ ಅವಳನ್ನು ಬಿಡಿಸಿ ದೊಡ್ಡ ಕಾನ್ವೆಂಟೊಂದರ ಎಲ್‌ಕೆಜಿಗೆ ಕರೆದುಕೊಂಡು ಹೋದಳು. ತಿಂಗಳೆಲ್ಲ ಹೆಸರು, ಬಣ್ಣ, ಹಣ್ಣು ಹೇಳಿಕೊಟ್ಟಿದ್ದಳು. ಅಲ್ಲಿನ ಮೇಡಂ ಮೂರು ಸಲ ಹೆಸರು ಕೇಳಿದರು. ಅರ್ಜೂ ಮೇಜಿನ ಮೇಲಿದ್ದ ಗ್ಲೋಬನ್ನು ತಿರುಗಿಸುತ್ತ ನಿಂತಿದ್ದಳು. ಮುಂದಿನ ವರ್ಷ ನೋಡೋಣ ಎಂದರು.

ಹೊರಗೆ ಆಟೋ ಸ್ಟ್ಯಾಂಡಿನ ಹತ್ತಿರ ನಿಶಾತ್ ಮಗಳ ಕೆನ್ನೆಗೆ ಹೊಡೆದಳು. ಹೆಸರು ಹೇಳುವುದಕ್ಕೆ ಏನು ಧಾಡಿ ನಿನಗೆ ಎಂದು ಬೈದಳು. ಅರ್ಜೂ ಅಳಲಿಲ್ಲ. ತಾಯಿಯ ಬಾಯನ್ನೇ ನೋಡುತ್ತ ನಿಂತಳು.

ಇನ್ನೆಲ್ಲಿಗೂ ಹೋಗುವ ಧೈರ್ಯವಿಲ್ಲದೆ ನಿಶಾತ್ ಮಗಳನ್ನು ಓಣಿಯ ಅಂಗನವಾಡಿಗೇ ಸೇರಿಸಿದಳು. ಅಲ್ಲಿನ ಟೀಚರ್ ಮಂಜುಳಮ್ಮನಿಗೆ ಆ ಓಣಿಯ ಮಕ್ಕಳ ಜೊತೆ ಇಪ್ಪತ್ತೆರಡು ವರ್ಷದ ಒಡನಾಟ. ಒಂದು ವಾರ ಅವರು ಅರ್ಜೂವನ್ನು ಗಮನಿಸಿದರು. ಎಂಟನೇ ದಿನ ಬೆಳಿಗ್ಗೆ ಮಗುವನ್ನು ಬಿಟ್ಟು ಹೊರಟಿದ್ದ ನಿಶಾತಳನ್ನು ತಡೆದು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. ಅರ್ಜೂ ಗೋಡೆಯ ಕಡೆ ಮುಖ ಮಾಡಿ ಆಟದ ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಮಂಜುಳಮ್ಮ ಹಿಂದಿನಿಂದ ಎರಡು ಸ್ಟೀಲ್ ತಟ್ಟೆ ಹಿಡಿದು ಜೋರಾಗಿ ಬಡಿದರು. ಹದಿನಾಲ್ಕು ಮಕ್ಕಳು ಬೆಚ್ಚಿ ತಿರುಗಿದವು. ಅರ್ಜೂ ಐದನೇ ತುಂಡು ಇಟ್ಟಳು.

"ಭಾಷೆ ಗೊತ್ತಾಗ್ದೆ ಇರೋದಲ್ಲ ಕಣಮ್ಮ," ಎಂದರು ಮಂಜುಳಮ್ಮ. "ಮಗೀಗೆ ಕಿವಿ ಕೇಳಿಸ್ತಿಲ್ಲ."

"ನಾನು ಹಿಂದೆ ಹೋಗಿ ನಿಂತ್ರೆ ತಿರುಗ್ತಾಳಲ್ಲ ಟೀಚರ್."

"ನಿನ್ನ ನೆರಳು ಬಿದ್ದಿರ್ತದೆ. ಇಲ್ಲಾ ನೆಲ ಅದುರಿರ್ತದೆ. ತಡ ಮಾಡ್ಬೇಡ, ನಾಳೇನೇ ಆಸ್ಪತ್ರೆಗೆ ಹೋಗು. ಬೇಕಾದ್ರೆ ನಾನೂ ಬರ್ತೀನಿ."

ತುಮಕೂರಿನಲ್ಲಿ ಒಂದು ಪರೀಕ್ಷೆ, ಬೆಂಗಳೂರಿನಲ್ಲಿ ಇನ್ನೊಂದು. ಎರಡು ಕಿವಿಯೂ ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ. ಡಾಕ್ಟರು ವಯಸ್ಸು ಕೇಳಿದರು. ನಾಲ್ಕು ವರ್ಷ ಒಂದು ತಿಂಗಳು ಎಂದಳು ನಿಶಾತ್. ಅವರು ಪೆನ್ನು ಕೆಳಗಿಟ್ಟರು.

"ಹುಟ್ಟಿದ ವರ್ಷವೇ ತಂದಿದ್ರೆ ಬೇರೆ ಥರ ಇರ್ತಿತ್ತಮ್ಮ. ಈಗ ಕಿವಿಗೆ ಮಷೀನ್ ಹಾಕೋಣ, ಮಾತಿನ ತರಬೇತಿ ಕೊಡಿಸೋಣ. ಎಷ್ಟು ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಜಾವೇದ್ ಒಂದು ವಿಷಯ ಹೇಳಿದ. ವರ್ಕ್‌ಶಾಪಿನಲ್ಲಿ ಕಬ್ಬಿಣ ಕತ್ತರಿಸುವ ಮಷೀನು ಚೀರುವಾಗ ದೊಡ್ಡವರೂ ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಅರ್ಜೂ ಮಾತ್ರ ಬಾಗಿಲಲ್ಲಿ ಕೂತು ಕಿಡಿ ನೋಡಿ ನಗುತ್ತಿದ್ದಳಂತೆ. ನನ್ನ ಮಗಳಿಗೆ ಭಯ ಅನ್ನುವುದೇ ಇಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗಿದ್ದೆ ಎಂದ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡ. ನಿಶಾತಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತೊಡೆಯ ಮೇಲೆ ಮಲಗಿದ್ದ ಮಗಳ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅದನ್ನು ತುಮಕೂರು ಬರುವವರೆಗೂ ತೆಗೆಯಲಿಲ್ಲ. ಯಾಕೆ ಹೊಡೆದೆ ಎಂದು ಮಗಳಿಗೆ ಹೇಳಲು, ತಪ್ಪಾಯಿತು ಎನ್ನಲು ಅವರಿಬ್ಬರ ನಡುವೆ ಒಂದು ಪದವೂ ಇರಲಿಲ್ಲ.

ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಿದೆ, ಅಲ್ಲಿ ತಾಯಿಯೂ ಮಗುವಿನ ಜೊತೆ ಕೂತು ಕಲಿಯಬೇಕು ಎಂದು ಆಸ್ಪತ್ರೆಯಲ್ಲೇ ತಿಳಿಯಿತು. ಜಾವೇದ್ ಬೇಡ ಎನ್ನಲಿಲ್ಲ. ನಿಶಾತ್ ಇನ್ನೊಬ್ಬ ತಾಯಿಯ ಜೊತೆ ಒಂದು ರೂಮು ಹಿಡಿದಳು. ಅವನು ಭಾನುವಾರ ಬಂದು ಹೋಗುತ್ತಿದ್ದ. ಮೊದಲ ದಿನವೇ ಅಲ್ಲಿನ ಟೀಚರ್ ಶಕುಂತಲಮ್ಮ ಅವಳನ್ನು ಕೂರಿಸಿಕೊಂಡು ಕೇಳಿದರು: "ಇಷ್ಟು ತಡವಾಗಿ ಶುರು ಮಾಡ್ತಿದೀವಿ. ನಮ್ಮ ಪಾಠ ಕನ್ನಡದಲ್ಲಿ. ಸದ್ಯಕ್ಕೆ ಈ ಮಗುಗೆ ಒಂದೇ ಭಾಷೆ ಕೊಡೋಣ. ನೀವು ಮನೇಲೂ ಕನ್ನಡಾನೇ ಆಡ್ತೀರಾ?"

ನಿಶಾತ್ ಹುಟ್ಟಿದಾಗಿನಿಂದ ಅತ್ತದ್ದು, ನಕ್ಕದ್ದು, ದುವಾ ಮಾಡಿದ್ದು ಎಲ್ಲ ಉರ್ದುವಿನಲ್ಲೇ. ಇನ್ನು ಅದನ್ನು ಮಗಳಿಗೆ ಕೊಡದೆ ತನ್ನಲ್ಲೇ ಇಟ್ಟುಕೊಳ್ಳಬೇಕು.

"ಆಡ್ತೀನಿ ಮೇಡಂ," ಎಂದಳು.

ಎರಡು ವರ್ಷವಾಯಿತು. ಬೆಳಗಿನಿಂದ ಸಂಜೆವರೆಗೆ ಮಗಳ ಮುಖಕ್ಕೆ ಮುಖ ಕೊಟ್ಟು, ಇದು ಲೋಟ, ಇದು ಬಾಗಿಲು, ಅಪ್ಪ ಬಂದ ಎಂದು ಹೇಳುತ್ತಲೇ ಇದ್ದಾಳೆ. ಅರ್ಜೂಗೆ ಈಗ ನಲವತ್ತು ಪದ ಬರುತ್ತವೆ. ಅವು ನಿಶಾತಳಿಗೆ ತಿಳಿಯುತ್ತವೆ, ಶಕುಂತಲಮ್ಮನಿಗೆ ತಿಳಿಯುತ್ತವೆ. ಉಳಿದವರಿಗೆ ಬರೀ ಸದ್ದು.

ಈ ಸಲ ಬಕ್ರೀದಿಗೆ ಗುಬ್ಬಿಗೆ ಹೋಗಿದ್ದರು. ಮಧ್ಯಾಹ್ನ ಅರ್ಜೂ ಅಜ್ಜಿ ಸಲೀಮಾಳ ಮುಂದೆ ನಿಂತು ಏನೋ ಕೇಳಿದಳು. ಸಲೀಮಾಳಿಗೆ ಅರ್ಥವಾಗಲಿಲ್ಲ. ಬಾಳೆಹಣ್ಣು ಕೊಟ್ಟಳು. ಅರ್ಜೂ ಬೇಡವೆಂದು ತಲೆಯಾಡಿಸಿ ಮತ್ತೆ ಹೇಳಿದಳು. ಸಲೀಮಾ ಬಿಸ್ಕತ್ತು ತಂದಳು, ಬೊಂಬೆ ತಂದಳು. ಅರ್ಜೂ ಮೂರನೇ ಸಲ ಹೇಳಿದಳು. ಹೋಗಿ ಹೊಸ್ತಿಲ ಮೇಲೆ ಕೂತಳು. ಸಲೀಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆ ಮಾತು ಕೇಳಿ ಒಳಗಿನಿಂದ ಬಂದ ನಿಶಾತಳ ಕಡೆ ನೋಡಿದಳು.

ನೀರು ಕೇಳುತ್ತಿದ್ದಾಳೆ ಎಂದು ನಿಶಾತ್ ತಾಯಿಗೆ ಉರ್ದುವಿನಲ್ಲಿ ಹೇಳಿ, ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೊಸ್ತಿಲಿಗೆ ಹೋದಳು.