ಬೇಣದಲ್ಲಿ ನಿಂತುಹೋದ ಹಾಡು

1963ರಲ್ಲಿ ನಾನು ಕುಮಟಾದಲ್ಲಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿದ್ದೆ. ದೀಪಾವಳಿ ಕಳೆದ ಹೊಸತರಲ್ಲಿ ಧಾರವಾಡದಿಂದ ಮೇಲಧಿಕಾರಿಯೊಬ್ಬರು ಕಾಡು ನೋಡಲು ಬಂದರು. ಬೆಳಿಗ್ಗೆ ಅಳಿವೆಯ ಜೌಗಿನಲ್ಲಿ ಕೊಕ್ಕರೆಗಳನ್ನು ತೋರಿಸಿದೆ. ಅವರಿಗೆ ಬೇಕಿದ್ದದ್ದು ಕಾಡುಕೋಣ. ಮಧ್ಯಾಹ್ನ ಯಾಣದ ಕಡೆಯ ಒಂದು ಬೇಣಕ್ಕೆ, ಅಂದರೆ ಕಾಡಿನಂಚಿನ ಹುಲ್ಲುಗಾವಲಿಗೆ, ಕರೆದೊಯ್ದೆ.

ಅಲ್ಲಿ ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು. ಆಳೆತ್ತರದ ಹುಲ್ಲು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಬ್ಬಳು ಹಾಡಿನ ಒಂದು ಸೊಲ್ಲು ಎತ್ತಿದರೆ ಉಳಿದವರು ತಂತಮ್ಮ ಜಾಗದಿಂದ ಸರದಿಯಂತೆ ಉತ್ತರ ಹಾಡುತ್ತಾರೆ. ಯಾರು ಎಲ್ಲಿದ್ದಾರೆಂದು ತಿಳಿಯುವುದು ಹಾಗೆ. ಪ್ರಾಣಿಗಳಿಗೂ ಆ ಹಾಡು ರೂಢಿ, ಕೇಳಿದರೆ ದೂರ ಸರಿಯುತ್ತವೆ. ನನ್ನ ತಾಯಿಯೂ ಹುಲ್ಲು ಕೊಯ್ದವಳೇ, ನನಗಿದು ಹೊಸದಲ್ಲ.

"ಈ ಗಲಾಟೆಗೆ ಪ್ರಾಣಿ ಹೇಗೆ ಬರುತ್ತದೆ?" ಎಂದರು ಸಾಹೇಬರು. ನಾನು ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಜೊತೆಗಿದ್ದ ಫಾರೆಸ್ಟ್ ಗಾರ್ಡನನ್ನು ಕಳಿಸಿ ಹಾಡು ನಿಲ್ಲಿಸಿದರು. ನನಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿಗೆ ಕೋಣ ಬಂತು, ಒಂಟಿ ಗಂಡು. ಅದು ನೇರವಾಗಿ ಹುಲ್ಲಿನೊಳಗೆ ಇಳಿದಾಗ ಸಾಹೇಬರ ದುರ್ಬೀನು ಕೆಳಗಿಳಿಯಿತು.

"ಅವರನ್ನು ಕೂಗಿ ಕರೆಯಿರಿ."

"ಬೇಡ ಸರ್, ಬೆದರಿದರೆ ಯಾರ ಮೇಲೆ ಹಾಯುತ್ತದೋ," ಎಂದೆ.

ಪಕ್ಕದ ಮರದಡಿ ದೇವಮ್ಮ ಹೊರೆ ಕಟ್ಟುತ್ತಿದ್ದಳು. ಸೊಲ್ಲು ಎತ್ತುವವಳು ಅವಳೇ. ಕೋಣ ತೋರಿಸಿ, ಮೊದಲಿನಂತೆಯೇ ಹಾಡಲು ಹೇಳಿದೆ. ಎಲ್ಲರೂ ಹಾಡುತ್ತ ಮರದತ್ತ ಬನ್ನಿ ಎಂಬುದನ್ನೇ ಸೊಲ್ಲು ಮಾಡಿ ಹಾಡಿದಳು. ಬೇಣದ ಮೇಲ್ಭಾಗದಿಂದ ಉತ್ತರ ಬಂತು, ಬಲಗಡೆಯಿಂದ ಇನ್ನೊಂದು. ಒಬ್ಬೊಬ್ಬರಾಗಿ ಹೊರಬಂದರು. ದೇವಮ್ಮನ ಸೊಸೆ ಗಂಗೆ ಮಾತ್ರ ಇಲ್ಲ.

"ಅವ್ಳು ನನ್ಗೆ ಓ ಅನ್ನೂದಿಲ್ಲ ಸಾಯ್ಬ್ರೆ," ಎಂದಳು ದೇವಮ್ಮ. "ಬೆಳಗಾಗಿಂದ ಮಾತಿಲ್ಲ. ಸಾರಿಗೆ ಉಪ್ಪು ಹೆಚ್ಚಾತು ಅಂದಿದ್ದೆ."

ಮುನಿಸೋ, ಬೇರೇನಾದರೂ ಆಗಿಹೋಯಿತೋ? ಕೋಣ ಬೇಣದ ಕೆಳಗಿನ ಹಳ್ಳದ ಬದಿಗೆ ಸರಿಯುತ್ತಿತ್ತು. ದೇವಮ್ಮನ ಧಾಟಿ ಅಲುಗಲಿಲ್ಲ. ಕಡಲಂಚಿನ ಬಾಡ ಊರಿನಿಂದ ತಂದ ಸೊಸೆ, ಅವಳ ಕೈಯ ಮೀನುಸಾರಿನಂಥದ್ದು ಊರಲ್ಲೇ ಇಲ್ಲ ಎಂದು ಹೊಸ ಸೊಲ್ಲು ಕಟ್ಟಿದಳು. ಉತ್ತರವಿಲ್ಲ. ಮತ್ತೆ ಅದನ್ನೇ ಹಾಡಿದಳು.

ಹಳ್ಳದ ಬದಿಯಿಂದಲೇ ಎಳೆಯ ದನಿಯೊಂದು ರಾಗವಾಗಿ ಕೇಳಿತು: "ಉಪ್ಪು ಈಗ ಸರಿಯಾತೇ ಅತ್ತೆ?"

ಕೋಣ ತಲೆಯೆತ್ತಿ ನಿಂತಿತು. ಅತ್ತೆ ಒಂದು ಸೊಲ್ಲು, ಸೊಸೆ ಒಂದು ಸೊಲ್ಲು. ಅದು ತಿರುಗಿ, ಅವಸರವಿಲ್ಲದೆ ಕಾಡಿಗೆ ಹೋಯಿತು. ಗಂಗೆ ಹೊರೆ ಹೊತ್ತು ನಗುತ್ತ ಬಂದಳು, ಅವಳಿಗೆ ಕೋಣ ಕಂಡೇ ಇರಲಿಲ್ಲ. ದೇವಮ್ಮ ಅವಳ ರಟ್ಟೆ ಹಿಡಿದು, "ಕರದ್ರೆ ಎಂತಕೆ ಸುಮ್ನಿದ್ದೆ?" ಎಂದು ಬಯ್ಯುತ್ತಲೇ ಅತ್ತುಬಿಟ್ಟಳು. ನನ್ನ ಕಣ್ಣೂ ತೇವವಾಯಿತು.

ಆಮೇಲೆ ನಿವೃತ್ತನಾಗುವವರೆಗೂ ಎಷ್ಟೋ ದೊಡ್ಡವರಿಗೆ ಕಾಡು ತೋರಿಸಿದೆ. ಜೀಪು ಇಳಿಯುವ ಮೊದಲೇ ಒಂದು ಮಾತು ಹೇಳುತ್ತಿದ್ದೆ: ಪ್ರಾಣಿ ಕಾಣದಿದ್ದರೆ ಇನ್ನೊಮ್ಮೆ ಬನ್ನಿ, ಹಾಡುವವರನ್ನು ಮಾತ್ರ ಸುಮ್ಮನಿರಿಸಬೇಡಿ.