ಬೆಕ್ಕಿನ ದವಡೆ

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಅಲ್ಲಿ ದನದ ಡಾಕ್ಟರು. ಒಂದು ಬೆಳಿಗ್ಗೆ ರೇಷ್ಮೆ ಮಗ್ಗದ ಮನೆಯ ಹೆಂಗಸೊಬ್ಬಳು ಬುಟ್ಟಿಯಲ್ಲಿ ಎಳೆಯ ಬೆಕ್ಕೊಂದನ್ನು ತಂದಳು. ಅದರ ಕೆಳದವಡೆ ನಿಂಬೆಹಣ್ಣಿನಷ್ಟು ಊದಿ ಕೀವು ಸೋರುತ್ತಿತ್ತು. ಹೊದಿಸಿದ್ದ ಬಟ್ಟೆ ಸರಿಸಿದೊಡನೆ ನಾತಕ್ಕೆ ನಾನೇ ಮುಖ ತಿರುಗಿಸಿದೆ.

"ಐದು ದಿನದಿಂದ ಏನೂ ತಿಂದಿಲ್ಲ ಸಾ," ಅಂದಳು.

"ಬದುಕೋದು ಕಷ್ಟ ತಾಯಿ. ನೋವಿಲ್ಲದ ಹಾಗೆ ಮುಗಿಸಿಬಿಡ್ಲಾ?"

"ಬ್ಯಾಡ ಸಾ, ಕುಯ್ದೇ ನೋಡಿ. ನಾನೇ ಇಡ್ಕತೀನಿ."

ನಾನು ಅದುವರೆಗೆ ಕುಯ್ದಿದ್ದೆಲ್ಲ ಎತ್ತು, ಕುದುರೆಗಳನ್ನೇ. ಈಥರ್ ಹಾಕಿದ ಹತ್ತಿಯನ್ನು ಮೂಗಿಗೆ ಹಿಡಿದಾಗ ಬೆಕ್ಕಿನ ಉಸಿರು ಒಮ್ಮೆ ನಿಂತೇಹೋಯಿತು. ಎದೆ ತಿಕ್ಕಿ ತಿಕ್ಕಿ ಮರಳಿಸಿದೆ. ಒಸಡು ಸೀಳಿ ಕೊಳೆತ ಹಲ್ಲು ಕಿತ್ತೆ. ಅದರಡಿಯ ಮೂಳೆ ಕಪ್ಪಾಗಿ ಸತ್ತಿತ್ತು. ರಕ್ತ ಜಿನುಗುವ ಗಟ್ಟಿ ಮೂಳೆ ಸಿಗುವವರೆಗೂ ಕೆರೆದೆ. ಅವಳು ಕಣ್ಣು ಕೀಳದೆ ನೋಡುತ್ತಲೇ ಇದ್ದಳು.

ವಾರ ಕಳೆದು ಮತ್ತೆ ತಂದಾಗ ಬೆಕ್ಕು ಸೊಟ್ಟಬಾಯಲ್ಲೇ ಹಾಲು ನೆಕ್ಕಿತು. ಕೈಮುಗಿದವಳು ಹೋಗದೆ ನಿಂತಳು.

"ಇಷ್ಟೇನಾ ಸಾ ಕೆಲ್ಸ? ನಮ್ಮನೆಯವ್ರಿಗೂ ಇಂಗೇ ದವಡೆ ಊದಿ ಕೀವಾಗಿತ್ತು. ಅನ್ನ ನುಂಗಾಕಾಗ್ದೆ ಸತ್ತೋದ್ರು. ಅವ್ರಿಗೂ ಇಂಗೇ ಕೆರೆದಿದ್ರೆ ಉಳೀತಿದ್ರಾ?"

ಉಳಿಯುತ್ತಿದ್ದರೇನೋ.

"ಮನುಷ್ಯರ ಮೂಳೆ ಬೇರೆ ತಾಯಿ," ಅಂದೆ.

ನಂಬಿದಳೋ ಇಲ್ಲವೋ, ಬೆಕ್ಕನ್ನು ಎದೆಗೊತ್ತಿಕೊಂಡು ಹೊರಟಳು.

ಸುಳ್ಳು ಹೇಳಿ ನನಗೆ ರೂಢಿಯಿರಲಿಲ್ಲ. ನನ್ನ ರೋಗಿಗಳು ಅದುವರೆಗೆ ಏನನ್ನೂ ಕೇಳಿರಲಿಲ್ಲವಲ್ಲ.